ಬೂಷ್ಟು ಹಿಡಿದ ನಾಳೆಗಳು: ಕ್ಯಾಸೆಟ್ಟಿನಲ್ಲೇ ಅಳಿಯುತ್ತಿರುವ ವಯಸ್ಕರ ಸೈನ್ಸ್ ಫಿಕ್ಷನ್

ಒಂದು ಕತ್ತಲ ಕ್ಲಬ್ಬು. ಸಣ್ಣ ಸಣ್ಣ ಮೇಜುಗಳು. ಸುತ್ತ ಕೂತವರ ಮುಖ ಬಿಳಚಿಕೊಂಡಿದೆ. ಎಲ್ಲರ ಕಣ್ಣೂ ವೇದಿಕೆಯ ಮೇಲೆ. ಗಂಡ ಪಕ್ಕದಲ್ಲೇ ಇದ್ದಾನೆ, ಆದರೆ ಹೆಂಡತಿ ಅವನ ಕೈ ಹಿಡಿಯುವ ಹಾಗಿಲ್ಲ. ಆಸೆಯಿಂದ ಮುಟ್ಟಿದರೆ ಸಾಕು, ಹೊಟ್ಟೆ ತೊಳಸುತ್ತದೆ, ಮೈಯೆಲ್ಲ ಹಿಂಡಿದಂತಾಗುತ್ತದೆ. ಅಣುಬಾಂಬು ಬಿದ್ದ ಮೇಲೆ ಬದುಕುಳಿದವರಲ್ಲಿ ನೂರಕ್ಕೆ 99 ಮಂದಿಯ ಪಾಡು ಇದು. ಉಳಿದ ಒಬ್ಬರಿಗೆ ಮಾತ್ರ ಈ ಕಾಯಿಲೆ ಇಲ್ಲ. ಆ ಒಬ್ಬರು ಉಳಿದ 99 ಜನರ ಮುಂದೆ ವೇದಿಕೆ ಹತ್ತಲೇಬೇಕು. ಒಲ್ಲೆ ಎನ್ನುವ ಹಕ್ಕು ಅವರಿಗಿಲ್ಲ.

ಇದು 1982ರಲ್ಲಿ ಅಮೆರಿಕದಲ್ಲಿ ಬಂದ 'ಕೆಫೆ ಫ್ಲೆಶ್' ಎಂಬ ಸಿನಿಮಾದ ಕತೆ. ವಯಸ್ಕರಿಗಾಗಿ ತೆಗೆದ ಚಿತ್ರ. ನಮ್ಮ ಕಡೆ ಜನ ತಗ್ಗಿದ ದನಿಯಲ್ಲಿ 'ಬ್ಲೂ ಫಿಲಂ' ಎನ್ನುತ್ತಿದ್ದರಲ್ವಾ, ಅದೇ ಜಾತಿಗೆ ಸೇರಿದ್ದು. ಆದರೆ ಕತೆ ಕೇಳಿದರೆ ಆ ಜಾತಿಯದು ಅನಿಸುವುದಿಲ್ಲ. ಡಿಸ್ಟೋಪಿಯಾ, ಅಂದರೆ ಕೆಟ್ಟುಹೋದ ನಾಳೆಯ ಕತೆ, ಹೀಗೇ ಇರುತ್ತದೆ. ಇವತ್ತಿನ ಒಂದು ಭಯವನ್ನು ತೆಗೆದುಕೊಂಡು ಅದು ಪೂರ್ತಿ ಗೆದ್ದ ಲೋಕವೊಂದನ್ನು ಕಟ್ಟುತ್ತದೆ. ಈ ಚಿತ್ರ ಕಟ್ಟಿದ್ದೂ ಅಂಥ ಲೋಕವನ್ನೇ. ಅದೂ ಕೈಯಲ್ಲಿ ಹೆಚ್ಚು ಕಾಸಿಲ್ಲದೆ, ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ.

ಈಗ ಯಾಕೆ ಇದರ ಮಾತು? ಆ ಕಾಲದ ಚಿತ್ರಗಳು ಬದುಕಿದ್ದು ಮುಖ್ಯವಾಗಿ ವಿಡಿಯೋ ಕ್ಯಾಸೆಟ್ಟಿನಲ್ಲಿ. ಆ ಕ್ಯಾಸೆಟ್ಟುಗಳು ಈಗ ಸಾಯುತ್ತಿವೆ. ಲೋಕದ ಎಲ್ಲ ಕ್ಯಾಸೆಟ್ಟುಗಳದ್ದೂ ಇದೇ ಗತಿ ನಿಜ. ಆದರೆ ಕೆಲವನ್ನು ಉಳಿಸಲು ಜನ ಓಡಾಡುತ್ತಿದ್ದಾರೆ, ಇನ್ನು ಕೆಲವನ್ನು ಕೇಳುವವರೇ ಇಲ್ಲ. ನಾಚಿಕೆಯ ಪಟ್ಟಿಯಲ್ಲಿರುವುದು ಮೊದಲು ಹೋಗುತ್ತದೆ. ಇದರಿಂದ ಸೈನ್ಸ್ ಫಿಕ್ಷನ್ನಿನ ಇತಿಹಾಸದಲ್ಲಿ ಒಂದು ತೂತು ಬೀಳುತ್ತಿದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಈ ಚಿತ್ರಗಳನ್ನು ನೀವು ಹುಡುಕಿಕೊಂಡು ಹೋಗಿ ನೋಡಿ ಅಂತ ನಾನು ಹೇಳುತ್ತಿಲ್ಲ. ಅವು ಯಾಕೆ ಹುಟ್ಟಿದವು, ಏನು ಹೇಳಿದವು, ಹೇಗೆ ಅಳಿಯುತ್ತಿವೆ ಎಂಬುದು ನಮಗೆ ಗೊತ್ತಿರಬೇಕು ಅಂತ ಹೇಳುತ್ತಿದ್ದೇನೆ.

ಒಂದೇ ಕೋಣೆಯ ಲೋಕ

'ಕೆಫೆ ಫ್ಲೆಶ್' ನಿರ್ದೇಶಿಸಿದ್ದು ಸ್ಟೀಫನ್ ಸಯಾಡಿಯನ್. ಚಿತ್ರದಲ್ಲಿ ಅವರ ಹೆಸರು 'ರಿನ್ಸ್ ಡ್ರೀಮ್' ಎಂದಿದೆ. ಜೊತೆಗೆ ಬರೆದವರು ಜೆರ್ರಿ ಸ್ಟಾಲ್. ಅವರೂ ಬೇರೆ ಹೆಸರಿನಲ್ಲೇ ಬರೆದರು. ಕ್ಯಾಮೆರಾ ಹಿಡಿದವರು ಫ್ರಾನ್ಸಿಸ್ ಡೆಲಿಯಾ. ಈ ಗುಂಪು ಅದಕ್ಕೂ ಮೊದಲು, 1981ರಲ್ಲಿ 'ನೈಟ್‌ಡ್ರೀಮ್ಸ್' ಎಂಬ ಇನ್ನೊಂದು ವಿಚಿತ್ರ ಚಿತ್ರ ಮಾಡಿತ್ತು. 'ಕೆಫೆ ಫ್ಲೆಶ್'ನ ಹಿನ್ನೆಲೆ ಸಂಗೀತ ಮಿಚೆಲ್ ಫ್ರೂಮ್ ಅವರದು. ಮುಂದೆ 'ಕ್ರೌಡೆಡ್ ಹೌಸ್' ಬ್ಯಾಂಡಿನ ಹಾಡುಗಳನ್ನು ಧ್ವನಿಮುದ್ರಿಸಿ ಹೆಸರು ಮಾಡಿದ ಪ್ರೊಡ್ಯೂಸರ್ ಇವರೇ. ಈ ಚಿತ್ರಕ್ಕೆ ಮಾಡಿದ ಸಂಗೀತ 1984ರಲ್ಲಿ ಬೇರೊಂದು ಹೆಸರಿನ ಆಲ್ಬಂ ಆಗಿಯೂ ಬಂತು. ಅಂದರೆ ಸುಮ್ನೆ ಕಾಸಿಗಾಗಿ ಒಂದು ದಿನದಲ್ಲಿ ಸುತ್ತಿ ಬಿಸಾಕಿದ ಕೆಲಸ ಇದಲ್ಲ.

ಚಿತ್ರದ ಸೆಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವೇದಿಕೆಯ ಮೇಲೆ 1950ರ ದಶಕದ ಅಮೆರಿಕನ್ ಅಡುಗೆಮನೆ. ಗೃಹಿಣಿ ಒಬ್ಬಳು. ಹಾಲು ತಂದುಕೊಡುವವನು ಬರುತ್ತಾನೆ. ಅವನಿಗೆ ಇಲಿಯ ಮುಖ, ಹಿಂದೆ ಉದ್ದನೆ ಬಾಲ. ಇನ್ನೊಂದು ದೃಶ್ಯದಲ್ಲಿ ಆಫೀಸು. ಸಾಹೇಬನ ತಲೆಯ ಜಾಗದಲ್ಲಿ ದೊಡ್ಡ ಪೆನ್ಸಿಲ್. ಪಕ್ಕದಲ್ಲಿ ಟೈಪಿಸ್ಟ್ ಹುಡುಗಿ ಕೂತು, ಮೆಮೊ ಟೈಪ್ ಮಾಡಲೇ ಎಂದು ಒಂದೇ ದನಿಯಲ್ಲಿ ಕೇಳುತ್ತಲೇ ಇದ್ದಾಳೆ. ಗಡಿಯಾರದ ಮುಳ್ಳಿನ ಹಾಗೆ ಆ ಮಾತು ತಿರುಗುತ್ತದೆ. ನೋಡುವವರಿಗೆ ಸುಖ ಸಿಗುವುದಿಲ್ಲ, ಕಸಿವಿಸಿಯಾಗುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಆ ಲೋಕದಲ್ಲಿ ಬಯಕೆಯೂ ಆಫೀಸಿನ ಡ್ಯೂಟಿಯಾಗಿಬಿಟ್ಟಿದೆ.

ಇದಕ್ಕೆಲ್ಲ ಎಷ್ಟು ಸಾಮಾನು ಬೇಕು? ಒಂದು ಮುಖವಾಡ, ಎರಡು ಬಣ್ಣದ ಲೈಟು, ಕಪ್ಪು ಪರದೆ, ಒಂದು ಟೈಪ್‌ರೈಟರ್. ನಾಶವಾದ ನಗರವನ್ನು ತೋರಿಸುವ ಗೋಜಿಗೇ ಹೋಗಬೇಕಿಲ್ಲ. ಹೊರಗಿನ ಲೋಕ ಹಾಳಾಗಿದೆ ಎಂದು ಒಂದು ಮಾತಿನಲ್ಲಿ ಹೇಳಿದರೆ ಮುಗೀತು. ಬಾಗಿಲು ಮುಚ್ಚಿದ ಕೋಣೆಯೇ ಸಾಕ್ಷಿ.

ಬಡ ಬಜೆಟ್ಟಿನ ಡಿಸ್ಟೋಪಿಯಾಕ್ಕೆ ಇದು ಹಳೆಯ ದಾರಿ. ಫ್ರಾನ್ಸಿನಲ್ಲಿ ಕ್ರಿಸ್ ಮಾರ್ಕರ್ 1962ರಲ್ಲಿ ಮೂರನೇ ಮಹಾಯುದ್ಧದ ನಂತರದ ಪ್ಯಾರಿಸ್ಸನ್ನು ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳಲ್ಲೇ ತೋರಿಸಿದರು. 1965ರಲ್ಲಿ ಅಲ್ಲಿಯದೇ ನಿರ್ದೇಶಕ ಗೋದಾರ್ 'ಆಲ್ಫಾವಿಲ್' ತೆಗೆದಾಗ ಒಂದೂ ಭವಿಷ್ಯದ ಸೆಟ್ ಹಾಕಲಿಲ್ಲ. ರಾತ್ರಿಯ ಪ್ಯಾರಿಸ್ಸಿನ ಹೊಸ ಗಾಜಿನ ಕಟ್ಟಡಗಳನ್ನೇ ಬೇರೆ ಲೋಕ ಮಾಡಿದರು. ಅಮೆರಿಕದಲ್ಲಿ ಅಗ್ಗದ ಚಿತ್ರಗಳ ನಿರ್ಮಾಪಕ ರೋಜರ್ ಕಾರ್ಮನ್ ಕಂಪನಿಯ 1981ರ ಒಂದು ಬಾಹ್ಯಾಕಾಶ ಚಿತ್ರಕ್ಕೆ ಸೆಟ್ ಮಾಡುತ್ತಿದ್ದವರು ಆಗಿನ್ನೂ ಹೆಸರಾಗದ ಜೇಮ್ಸ್ ಕ್ಯಾಮೆರಾನ್. ಹ್ಯಾಂಬರ್ಗರ್ ಕಟ್ಟಿಕೊಡುವ ಥರ್ಮೋಕೋಲ್ ಡಬ್ಬಿಗಳನ್ನು ಗೋಡೆಗೆ ಅಂಟಿಸಿ, ಬಣ್ಣ ಬಳಿದು, ಅದನ್ನೇ ಆಕಾಶನೌಕೆಯ ಒಳಗೋಡೆ ಅಂತ ತೋರಿಸಿದರು. ಸಯಾಡಿಯನ್ ಈ ಸಾಲಿಗೇ ಸೇರುತ್ತಾರೆ. ಆದರೆ ಸಿನಿಮಾ ಇತಿಹಾಸದ ಪುಸ್ತಕಗಳಲ್ಲಿ ಉಳಿದವರ ಪಕ್ಕ ಅವರಿಗೆ ಕುರ್ಚಿ ಹಾಕುವವರು ಕಡಿಮೆ.

ಮುಚ್ಚಿದ ಕೋಣೆಗೆ ಇನ್ನೊಂದು ಕಾರಣವೂ ಇತ್ತು. ಆಗ ಕ್ಯಾಲಿಫೋರ್ನಿಯಾದಲ್ಲಿ ಇಂಥ ಚಿತ್ರಗಳ ಶೂಟಿಂಗೇ ಅಪಾಯದ ಕೆಲಸ. ನಟರಿಗೆ ಸಂಬಳ ಕೊಟ್ಟದ್ದನ್ನೇ ವೇಶ್ಯಾವಾಟಿಕೆಗೆ ಜನ ಒದಗಿಸಿದ ಅಪರಾಧ ಎಂದು ಕೇಸು ಹಾಕುತ್ತಿದ್ದರು. ಲಾಸ್ ಏಂಜಲೀಸ್ ಪೊಲೀಸರು ಶೂಟಿಂಗ್ ಜಾಗಕ್ಕೆ ದಾಳಿ ಮಾಡುತ್ತಿದ್ದರು. ಹಾಗೆ ಸಿಕ್ಕಿಬಿದ್ದ ಹೆರಾಲ್ಡ್ ಫ್ರೀಮನ್ ಎಂಬ ನಿರ್ಮಾಪಕರ ಕೇಸಿನಲ್ಲಿ 1988ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆ ಮೇಲೆಯೇ ಅಲ್ಲಿ ಬಹಿರಂಗವಾಗಿ ಕೆಲಸ ಮಾಡುವ ಧೈರ್ಯ ಬಂದದ್ದು. ಅದಕ್ಕೂ ಮೊದಲು ಕಿಟಕಿ ಮುಚ್ಚಿ, ನೆರೆಹೊರೆಗೆ ಗೊತ್ತಾಗದ ಹಾಗೆ, ಬೇಗಬೇಗ ಮುಗಿಸಬೇಕು. ಹೊರಗೆ ಯಾರೋ ಕಾಯುತ್ತಿದ್ದಾರೆ, ಒಳಗೆ ನಾವು ಅಡಗಿದ್ದೇವೆ. ಆ ಕಾಲದ ವಯಸ್ಕರ ಸೈನ್ಸ್ ಫಿಕ್ಷನ್ನಿನಲ್ಲಿ ನೆಲಮಾಳಿಗೆ, ಬಂಕರು, ಕಾವಲಿನ ಕ್ಲಬ್ಬು ಇಂಥವು ಮತ್ತೆ ಮತ್ತೆ ಬರುವುದಕ್ಕೆ ಈ ಬದುಕೂ ಒಂದು ಕಾರಣ ಇರಬೇಕು ಎಂಬುದು ನನ್ನ ಊಹೆ.

1982ರ ಭಯ

ವರ್ಷವನ್ನು ಗಮನಿಸಿ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಬಂತು. ಲಾಸ್ ಏಂಜಲೀಸ್‌ನಲ್ಲಿ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದಿದೆ ಎಂಬುದು ಅದರ ವಿಷಯ. ಕಾಯಿಲೆಗೆ 'ಏಡ್ಸ್' ಎಂಬ ಹೆಸರನ್ನು ಆ ಕೇಂದ್ರ ಬಳಸಿದ್ದು 1982ರ ಸೆಪ್ಟೆಂಬರಿನಲ್ಲಿ. 'ಕೆಫೆ ಫ್ಲೆಶ್'ನಲ್ಲಿ ಮುಟ್ಟಿದರೆ ಕಾಯಿಲೆ, ಜನರಲ್ಲಿ 'ಪಾಸಿಟಿವ್' ಮತ್ತು 'ನೆಗೆಟಿವ್' ಎಂಬ ಎರಡು ಪಂಗಡ. ಈ ಕತೆ ತೆರೆಗೆ ಬಂದದ್ದೂ ಅದೇ 1982ರಲ್ಲಿ. ಎಚ್‌ಐವಿ ರಕ್ತಪರೀಕ್ಷೆ ಬಂದದ್ದು 1985ರಲ್ಲಿ. ಅಂದರೆ ಪಾಸಿಟಿವ್, ನೆಗೆಟಿವ್ ಎಂಬ ಪದಗಳು ಊರೂರಿನ ಮಾತಾಗುವ ಮೊದಲೇ ಈ ಚಿತ್ರ ಅವನ್ನು ಬಳಸಿಬಿಟ್ಟಿತ್ತು.

ಇಲ್ಲಿ ಹುಷಾರಾಗಿರಬೇಕು. ಭವಿಷ್ಯ ನುಡಿದ ಸಿನಿಮಾ ಅಂತ ಹೊಗಳಿ ಮುಗಿಸುವುದು ಸುಲಭ. ಚಿತ್ರದ ಒಳಗಿನ ಭಯ ಅಣುಬಾಂಬಿನದು. 1982ರ ಜೂನ್ 12ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅಣ್ವಸ್ತ್ರಗಳ ವಿರುದ್ಧ ಸುಮಾರು 10 ಲಕ್ಷ ಜನ ಸೇರಿದ್ದರು. ಮುಂದಿನ ವರ್ಷ ನವೆಂಬರಿನಲ್ಲಿ 'ದ ಡೇ ಆಫ್ಟರ್' ಎಂಬ ಟಿವಿ ಚಿತ್ರ ಬಂದಾಗ, ಬಾಂಬು ಬಿದ್ದ ಕ್ಯಾನ್ಸಸ್ ಊರುಗಳನ್ನು ಅಮೆರಿಕದಲ್ಲಿ ಸುಮಾರು 10 ಕೋಟಿ ಜನ ಒಂದೇ ರಾತ್ರಿ ನೋಡಿದರು. ಗಾಳಿಯಲ್ಲೇ ಆ ಭಯ ಇತ್ತು. ಸಯಾಡಿಯನ್ ಮತ್ತು ಸ್ಟಾಲ್ ಅದನ್ನು ಮೈಯೊಳಗೆ ತಂದರು. ಬಾಂಬು ಕಟ್ಟಡಗಳನ್ನಷ್ಟೇ ಕೆಡವುವುದಿಲ್ಲ, ಒಬ್ಬರ ಪಕ್ಕ ಒಬ್ಬರು ಕೂರುವ ನೆಮ್ಮದಿಯನ್ನೂ ಕೆಡವುತ್ತದೆ ಎಂದರು. ಏಡ್ಸ್ ಬಂದ ಮೇಲೆ ಜನ ಆ ಕತೆಗೆ ಹೊಸ ಅರ್ಥ ಹಚ್ಚಿದರು. ಕೋವಿಡ್ ಕಾಲದಲ್ಲಿ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತವರಿಗೆ ಇನ್ನೊಂದು ಅರ್ಥ ಕಾಣಬಹುದು. ಒಳ್ಳೆಯ ಡಿಸ್ಟೋಪಿಯಾ ಹೀಗೇ ಬದುಕುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಬೇರೆಯದು. ಆ ಕ್ಲಬ್ಬಿನಲ್ಲಿ ಕೂತವರು ಯಾರು? ಮುಟ್ಟಲಾಗದೆ ಬರೀ ನೋಡುವವರು. ತೆರೆಯ ಈಚೆ ಕೂತ ಪ್ರೇಕ್ಷಕರೂ ಅದೇ ತಾನೆ? ಕ್ಯಾಮೆರಾ ಪದೇ ಪದೇ ವೇದಿಕೆ ಬಿಟ್ಟು ಆ ಬಿಳಚಿದ ಮುಖಗಳ ಕಡೆ ತಿರುಗುತ್ತದೆ. ವಯಸ್ಕರ ಚಿತ್ರವೊಂದು ತನ್ನ ಗಿರಾಕಿಯ ಮುಂದೆಯೇ ಕನ್ನಡಿ ಹಿಡಿಯುವುದು ತುಂಬಾ ಅಪರೂಪ. ಗಿರಾಕಿ ಅದಕ್ಕಾಗಿ ದುಡ್ಡು ಕೊಟ್ಟಿರುವುದಿಲ್ಲ. ನಡುರಾತ್ರಿ ಶೋಗಳಲ್ಲಿ ವಿಚಿತ್ರ ಸಿನಿಮಾ ಹುಡುಕಿಕೊಂಡು ಬರುವ ಬೇರೆ ಬಗೆಯ ಜನ ಈ ಚಿತ್ರವನ್ನು ಕೈಹಿಡಿದದ್ದು ಇದೇ ಕಾರಣಕ್ಕೆ.

ಇನ್ನು ನಾಯಕಿ ಲಾನಾ. ತನಗೆ ಕಾಯಿಲೆ ಇಲ್ಲ ಎಂಬುದನ್ನು ಅವಳು ಗಂಡನಿಂದ ಮುಚ್ಚಿಡುತ್ತಾಳೆ. ಗೊತ್ತಾದರೆ ವೇದಿಕೆಗೆ ಎಳೆದೊಯ್ಯುತ್ತಾರೆ ಎಂಬ ಭಯ ಒಂದು ಕಡೆ, ಗಂಡನ ಮೇಲಿನ ಪ್ರೀತಿ ಇನ್ನೊಂದು ಕಡೆ. ಆರೋಗ್ಯವಾಗಿರುವುದೇ ಅಪರಾಧವಾದ ಊರು. ಇಷ್ಟು ಸಣ್ಣ ಎಳೆಯಲ್ಲಿ ಇಷ್ಟು ದೊಡ್ಡ ಸಂಕಟ ಇಟ್ಟ ಕತೆಗೆ ನಾನು ಮರ್ಯಾದೆ ಕೊಡುತ್ತೇನೆ.

ಕ್ಯಾಸೆಟ್ ಬಂತು, ಕತೆ ತೆಳುವಾಯಿತು

'ಕೆಫೆ ಫ್ಲೆಶ್' ತೆಗೆದದ್ದು ಫಿಲ್ಮಿನಲ್ಲಿ. ಆದರೆ ಅಷ್ಟರಲ್ಲಿ ಥಿಯೇಟರಿನ ಕಾಲ ಮುಗಿಯುತ್ತಾ ಬಂದಿತ್ತು. ವಿಡಿಯೋ ಕ್ಯಾಸೆಟ್ಟಿನ ಎರಡು ಬಗೆಗಳು, ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಬಂದವು. ದೊಡ್ಡ ಸ್ಟುಡಿಯೋಗಳಿಗೆ ವಿಡಿಯೋ ಕಂಡರೆ ಭಯ. ಯೂನಿವರ್ಸಲ್ ಮತ್ತು ಡಿಸ್ನಿ ಸೇರಿ ಸೋನಿ ಮೇಲೆ ಕೇಸು ಹಾಕಿದವು. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಸೋನಿಯ ಪರ ನಿಂತಿತು. ವಯಸ್ಕರ ಚಿತ್ರದವರಿಗೆ ಮಾತ್ರ ಮೊದಲ ದಿನದಿಂದಲೂ ಅನುಮಾನ ಇರಲಿಲ್ಲ. ಥಿಯೇಟರಿಗೆ ಹೋಗಲು ನಾಚುವ ಗಿರಾಕಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ನೋಡಬಹುದು. ಅದಕ್ಕಿಂತ ಇನ್ನೇನು ಬೇಕು?

ಆಮೇಲೆ ಫಿಲ್ಮೇ ಬೇಡವಾಯಿತು. ನೇರವಾಗಿ ವಿಡಿಯೋದಲ್ಲೇ ಶೂಟ್ ಮಾಡತೊಡಗಿದರು. ಲ್ಯಾಬಿನ ಖರ್ಚಿಲ್ಲ, ಒಂದೆರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಕತೆಗೆ ಜಾಗ ಕಡಿಮೆಯಾಯಿತು. ಗಿರಾಕಿಯ ಕೈಗೆ ರಿಮೋಟ್ ಬಂದ ಮೇಲೆ ಮಾತಿನ ಭಾಗವನ್ನು ಓಡಿಸಿಬಿಡುತ್ತಾನೆ ಎಂಬುದು ನಿರ್ಮಾಪಕರಿಗೂ ಗೊತ್ತಿತ್ತು.

ಆದರೂ ಸೈನ್ಸ್ ಫಿಕ್ಷನ್ ಪೂರ್ತಿ ಹೋಗಲಿಲ್ಲ. 'ಬ್ಲೇಡ್ ರನ್ನರ್', 'ಮ್ಯಾಡ್ ಮ್ಯಾಕ್ಸ್' ಚಿತ್ರಗಳ ಮಳೆ, ನಿಯಾನ್, ತುಕ್ಕು ಹಿಡಿದ ಕಬ್ಬಿಣ ಎಲ್ಲರ ಕಣ್ಣಲ್ಲಿ ಕೂತಿತ್ತು. ಹೊಗೆ ಬಿಡುವ ಮೆಷಿನ್, ನೀಲಿ ಜೆಲ್ ಹಾಕಿದ ಲೈಟು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಗುಯ್‌ಗುಟ್ಟುವ ಸಿಂಥಸೈಜರ್, ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಮಾನಿಟರ್. ಭವಿಷ್ಯ ಸಿದ್ಧ. ಪ್ರಾಮಾಣಿಕವಾಗಿ ಹೇಳುವುದಾದರೆ ಇವುಗಳಲ್ಲಿ ಬಹುಪಾಲು ಚಿತ್ರಗಳಿಗೆ ಭವಿಷ್ಯ ಬರೀ ಗೋಡೆಯ ಬಣ್ಣ. ಹೆಸರಲ್ಲಿ ಸೈನ್ಸ್ ಫಿಕ್ಷನ್, ಒಳಗೆ ಏನಿಲ್ಲ. ಹೆಂಗಸರನ್ನು ಯಂತ್ರವಾಗಿ, ಗುಲಾಮರಾಗಿ ತೋರಿಸುವುದಕ್ಕೆ ಡಿಸ್ಟೋಪಿಯಾ ಎಂಬ ನೆಪ ಅನುಕೂಲ ಮಾಡಿಕೊಟ್ಟದ್ದೂ ಉಂಟು. ಇದನ್ನು ಮುಚ್ಚಿಟ್ಟು ಈ ಚಿತ್ರಗಳ ಪರ ವಾದ ಮಾಡಲು ನನಗೆ ಇಷ್ಟವಿಲ್ಲ.

ಆದರೆ ಕೆಟ್ಟ ಚಿತ್ರವೂ ದಾಖಲೆಯೇ. ಆ ಕಾಲದ ಜನ ಕಂಪ್ಯೂಟರನ್ನು ಹೇಗೆ ಕಲ್ಪಿಸಿಕೊಂಡರು? ನಾಳೆ ಬಯಕೆಯನ್ನು ಯಾರು ಆಳುತ್ತಾರೆ ಅಂದುಕೊಂಡರು, ಸರ್ಕಾರವೋ, ಕಂಪನಿಯೋ, ಯಂತ್ರವೋ? ದೊಡ್ಡ ಸ್ಟುಡಿಯೋಗಳು ಇಂಥ ಪ್ರಶ್ನೆಯನ್ನು ಸೆನ್ಸಾರಿನ ಹೆದರಿಕೆಯಿಂದ ಸುತ್ತಿಬಳಸಿ ಕೇಳಿದವು. ಅಗ್ಗದ ಕ್ಯಾಸೆಟ್ಟುಗಳು ಮುಚ್ಚುಮರೆ ಇಲ್ಲದೆ ಕೇಳಿದವು. ಉತ್ತರ ಹೆಚ್ಚಾಗಿ ಒರಟಾಗಿತ್ತು. ಆದರೆ ಪ್ರಶ್ನೆ ನಿಜವಾದದ್ದು.

ಟೋಕಿಯೋದ ಇನ್ನೊಂದು ಲೆಕ್ಕ

ಅದೇ ಪ್ರಶ್ನೆಯನ್ನು 2000ದಲ್ಲಿ ಒಬ್ಬ ಕಲಾವಿದೆ ಕೈಗೆತ್ತಿಕೊಂಡರು. ತೈವಾನಿನಲ್ಲಿ ಹುಟ್ಟಿದ ಶು ಲೀ ಚೆಯಾಂಗ್. ಜಪಾನಿನಲ್ಲಿ, ಡಿಜಿಟಲ್ ವಿಡಿಯೋದಲ್ಲಿ ಅವರು ತೆಗೆದ ಚಿತ್ರ 'ಐ.ಕೆ.ಯು.' 'ಬ್ಲೇಡ್ ರನ್ನರ್'ನ 1992ರ ಆವೃತ್ತಿ ಮುಗಿಯುವುದು ಲಿಫ್ಟಿನ ಬಾಗಿಲು ಮುಚ್ಚುವಲ್ಲಿ. ಇವರ ಕತೆ ಅಲ್ಲಿಂದಲೇ ಶುರುವಾಗುತ್ತದೆ. ಜೀನೋಮ್ ಎಂಬ ಕಂಪನಿ ಮನುಷ್ಯರಂತೆ ಕಾಣುವ ಯಂತ್ರಗಳನ್ನು ಊರಿನೊಳಗೆ ಬಿಡುತ್ತದೆ. ಅವುಗಳ ಕೆಲಸ ಜನರ ಸುಖದ ಅನುಭವವನ್ನು ತಮ್ಮ ಮೈಯೊಳಗಿನ ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು ಬರುವುದು. ಕಂಪನಿ ಅದನ್ನು ಚಿಪ್ಪಿಗೆ ಹಾಕಿ ಮಾರುತ್ತದೆ. ಮೈಗೆ ಮೈ ತಾಗುವ ಅಗತ್ಯವೇ ಉಳಿಯುವುದಿಲ್ಲ.

ಇವತ್ತು ಕೈಗೆ ಕಟ್ಟಿದ ವಾಚು ನಮ್ಮ ಎದೆಬಡಿತ, ನಿದ್ದೆ, ಮುಟ್ಟಿನ ದಿನ ಎಲ್ಲವನ್ನೂ ಲೆಕ್ಕ ಇಡುತ್ತದೆ. ಆ ಲೆಕ್ಕ ಎಲ್ಲೋ ದೂರದ ಸರ್ವರಿಗೆ ಹೋಗುತ್ತದೆ. 2000ದಲ್ಲಿ ಇವತ್ತಿನಂಥ ಸ್ಮಾರ್ಟ್‌ಫೋನ್ ಇರಲಿಲ್ಲ. ಮೈಯೇ ಡೇಟಾ ಆಗುತ್ತದೆ, ಡೇಟಾಕ್ಕೆ ಕಂಪನಿ ಒಡೆಯನಾಗುತ್ತದೆ ಎಂಬ ಮಾತನ್ನು ಆಗಲೇ ಹೇಳಿದ ಚಿತ್ರ ಇದು. 'ಕೆಫೆ ಫ್ಲೆಶ್'ನಲ್ಲಿ ಸರ್ಕಾರ ಬಲವಂತ ಮಾಡುತ್ತದೆ. 'ಐ.ಕೆ.ಯು.'ದಲ್ಲಿ ಬಲವಂತವೇ ಬೇಕಿಲ್ಲ, ಜನ ಖುಷಿಯಿಂದಲೇ ಕೊಡುತ್ತಾರೆ. 18 ವರ್ಷಗಳಲ್ಲಿ ಭಯ ಹೇಗೆ ಜಾಗ ಬದಲಿಸಿತು ಎಂಬುದು ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಗೊತ್ತಾಗುತ್ತದೆ.

ಪಕ್ಕಪಕ್ಕ ಇಡುವುದೇ ಕಷ್ಟವಾಗಿದೆ ಎಂಬುದು ನನ್ನ ದೂರು. 'ಐ.ಕೆ.ಯು.' ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಹೋಯಿತು. ಚೆಯಾಂಗ್ 2019ರ ವೆನಿಸ್ ಬಿಯೆನಾಲೆ ಎಂಬ ಕಲಾಪ್ರದರ್ಶನದಲ್ಲಿ ತೈವಾನಿನ ಪರ ಕಲಾಕೃತಿ ಇಟ್ಟರು. ಗುಗೆನ್‌ಹೈಮ್ ಮ್ಯೂಸಿಯಂ ಅವರಿಗೆ 2024ರಲ್ಲಿ ಪ್ರಶಸ್ತಿ ಕೊಟ್ಟಿತು. ಅವರಿಗೆ ಅದೆಲ್ಲ ಸಲ್ಲಬೇಕಾದದ್ದೇ. ಆದರೆ 'ಕಲೆ' ಎಂಬ ಚೀಟಿ ಅಂಟಿದ್ದು ಮ್ಯೂಸಿಯಂ ಸೇರುತ್ತದೆ, ಆ ಚೀಟಿ ಇಲ್ಲದ್ದು ಯಾರದೋ ಗ್ಯಾರೇಜಿನ ರಟ್ಟಿನ ಪೆಟ್ಟಿಗೆಯಲ್ಲಿ ಕೊಳೆಯುತ್ತದೆ. ಕೊಳೆಯುತ್ತದೆ ಎಂಬುದು ಬರೀ ಮಾತಿಗೆ ಹೇಳಿದ್ದಲ್ಲ.

ಟೇಪು ಸಾಯುವುದು ಹೇಗೆ

ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮದುವೆಯ ಕ್ಯಾಸೆಟ್ ಇದೆ. ಹೋದ ಮಳೆಗಾಲದಲ್ಲಿ ಅಟ್ಟದಿಂದ ಇಳಿಸಿದೆ. ಕ್ಯಾಸೆಟ್ಟಿನ ಮುಂದಿನ ಮುಚ್ಚಳ ಎತ್ತಿ ಟೇಪನ್ನು ಬೆಳಕಿಗೆ ಹಿಡಿದೆ. ಕಂದು ಬಣ್ಣದ ಟೇಪಿನ ಅಂಚಿನಲ್ಲಿ ಬಿಳಿ ಬಿಳಿ ಪುಡಿ, ರಂಗೋಲಿ ಹಿಟ್ಟು ಚೆಲ್ಲಿದ ಹಾಗೆ. ಮೂಗಿನ ಹತ್ತಿರ ತಂದರೆ ಹಳೇ ಗೋಣಿಚೀಲದ ವಾಸನೆ. ಬೂಷ್ಟು. ಮಲೆನಾಡು, ಕರಾವಳಿ ಕಡೆಯವರಿಗೆ ಇದು ಹೊಸದಲ್ಲ.

ವಿಎಚ್‌ಎಸ್ ಟೇಪಿನ ಅಗಲ ಅರ್ಧ ಇಂಚು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಪುಡಿ, ಆ ಪುಡಿಯನ್ನು ಹಿಡಿದಿಡಲು ಒಂದು ಅಂಟು. ಚಿತ್ರ ಇರುವುದು ಪುಡಿಯಲ್ಲಿ. ಆದರೆ ಸಾಯುವುದು ಹೆಚ್ಚಾಗಿ ಅಂಟಿನಿಂದ. ಗಾಳಿಯ ತೇವ ಹೀರಿಕೊಂಡು ಅಂಟು ಮೆತ್ತಗಾಗುತ್ತದೆ, ಪುಡಿ ಉದುರುತ್ತದೆ. ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರ್ ಒಳಗೆ ಟೇಪು ಒಂದು ಉರುಳೆಯನ್ನು ಸುತ್ತಿ ಹೋಗುತ್ತದೆ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಆ ಉರುಳೆ ನಿಮಿಷಕ್ಕೆ 1,500 ಸುತ್ತು, ಅಮೆರಿಕದ ಪದ್ಧತಿಯಲ್ಲಿ 1,800 ಸುತ್ತು ತಿರುಗುತ್ತದೆ. ಉರುಳೆಯ ಮೇಲೆ ಟೇಪನ್ನು ಓದುವ ಹೆಡ್‌ಗಳಿಗೆ ಉದುರಿದ ಪುಡಿಯೋ ಬೂಷ್ಟೋ ಮೆತ್ತಿಕೊಂಡರೆ ತೆರೆ ಮೇಲೆ ಬರೀ ಬಿಳಿ ಚುಕ್ಕೆ. ಆ ಟೇಪಿನ ಬೂಷ್ಟು ಮುಂದೆ ಹಾಕುವ ಟೇಪಿಗೂ ಹತ್ತುತ್ತದೆ.

ಸ್ಟುಡಿಯೋಗಳಲ್ಲಿ ಬಳಸಿದ ಆ ಕಾಲದ ಕೆಲವು ಟೇಪುಗಳು ಇನ್ನೂ ಕಷ್ಟ. ಅಂಟು ಗೋಂದಿನ ಹಾಗೆ ಮೇಲೆ ಬಂದು, ಓಡಿಸಿದರೆ ಕಿರ್ರೆಂದು ಕಿರುಚಿ ನಿಂತುಬಿಡುತ್ತವೆ. ಆಗ ತಜ್ಞರು ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು 'ಬೇಯಿಸುತ್ತಾರೆ'. ತೇವ ಹೋಗಿ ಕೆಲವು ದಿನಗಳ ಮಟ್ಟಿಗೆ ಓಡುವ ಸ್ಥಿತಿಗೆ ಬರುತ್ತದೆ. ಅಷ್ಟರೊಳಗೆ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು.

ಮೆಷಿನ್ನುಗಳ ಕತೆಯೂ ಇದೇ. ವಿಎಚ್‌ಎಸ್ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್. ಅದು 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. 2019ರಲ್ಲಿ ಯುನೆಸ್ಕೋದ ಒಂದು ಕಾರ್ಯಕ್ರಮ ಮತ್ತು ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ ಎಚ್ಚರಿಕೆ ಕೊಟ್ಟವು. 2025ರ ಹೊತ್ತಿಗೆ ಟೇಪು ಓಡಿಸುವ ಯಂತ್ರಗಳು ಸಿಗುವುದೇ ಕಷ್ಟವಾಗುತ್ತದೆ, ಅದರೊಳಗೆ ಉಳಿಸಬೇಕಾದ್ದನ್ನು ಉಳಿಸಿಕೊಳ್ಳಿ ಎಂದವು. ಆ ಗಡುವು ಬಂದೇಬಿಟ್ಟಿದೆ. ಟಿವಿ ಸುದ್ದಿ, ಜನಪದ ಹಾಡು, ಬುಡಕಟ್ಟು ಭಾಷೆಗಳ ಟೇಪುಗಳೇ ಇನ್ನೂ ಸಾಲಿನಲ್ಲಿ ಕಾಯುತ್ತಿರುವಾಗ, ವಯಸ್ಕರ ಸೈನ್ಸ್ ಫಿಕ್ಷನ್ ಕ್ಯಾಸೆಟ್ಟಿಗೆ ಸಾಲಿನಲ್ಲಿ ನಿಲ್ಲಲೂ ಜಾಗವಿಲ್ಲ.

ಯಾರು ಉಳಿಸಬೇಕು

ಕೆಲವರು ಈ ಕೆಲಸ ಮಾಡುತ್ತಿದ್ದಾರೆ. ಅಮೆರಿಕದ ವಿನೆಗರ್ ಸಿಂಡ್ರೋಮ್ ಎಂಬ ಕಂಪನಿ 2012ರಿಂದ ಯಾರಿಗೂ ಬೇಡವಾದ ಅಗ್ಗದ ಚಿತ್ರಗಳನ್ನು, ವಯಸ್ಕರ ಚಿತ್ರಗಳನ್ನೂ ಸೇರಿಸಿ, ಮೂಲ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿ ಹೊರತರುತ್ತಿದೆ. ಅದರ ಹೆಸರೇ ಒಂದು ಕಾಯಿಲೆಯದು. ಹಳೆಯ ಅಸಿಟೇಟ್ ಫಿಲ್ಮು ಕೊಳೆಯುವಾಗ ವಿನೆಗರ್ ವಾಸನೆ ಹೊಡೆಯುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡುವ ಕಿನ್ಸಿ ಸಂಸ್ಥೆ ಹಲವು ದಶಕಗಳಿಂದ ಇಂಥ ಚಿತ್ರಗಳನ್ನು ಸಂಶೋಧನೆಗಾಗಿ ಇಟ್ಟುಕೊಂಡಿದೆ. ಆದರೆ ಫಿಲ್ಮಿನಲ್ಲಿ ತೆಗೆದದ್ದಕ್ಕೆ ನೆಗೆಟಿವ್ ಎಂಬ ಆಸರೆ ಇರುತ್ತದೆ. ನೇರ ವಿಡಿಯೋದಲ್ಲಿ ತೆಗೆದದ್ದಕ್ಕೆ ಮಾಸ್ಟರ್ ಟೇಪೇ ಎಲ್ಲ. ಕಂಪನಿ ಮುಚ್ಚಿದಾಗ ಗೋದಾಮು ಖಾಲಿ ಮಾಡುವವರು ಅದನ್ನು ಕಸಕ್ಕೆ ಹಾಕಿದರೆ ಅಲ್ಲಿಗೆ ಮುಗಿಯಿತು.

ಕನ್ನಡದವರಿಗೆ ಈ ನೋವು ಹೊಸದಲ್ಲ. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂತು. ಅದರ ಒಂದು ಪ್ರಿಂಟೂ ಉಳಿದಿಲ್ಲ. ಅದು ಪುರಾಣದ ಕತೆ, ಗೌರವದ ಚಿತ್ರ, ಮನೆಮಂದಿಯೆಲ್ಲ ಕೂತು ನೋಡಿದ್ದು. ಆದರೂ ಹೋಯಿತು. ಗೌರವ ಇದ್ದದ್ದೇ ಉಳಿಯಲಿಲ್ಲ ಅಂದಮೇಲೆ ಗೌರವ ಇಲ್ಲದ್ದರ ಪಾಡೇನು? ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಇದನ್ನು ಚೆನ್ನಾಗಿ ಅರಿತಿದ್ದರು. ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂದು ಆರಿಸದೆ ಸಿಕ್ಕಿದ್ದನ್ನೆಲ್ಲ ತಂದಿಟ್ಟರು. ಯಾವುದು ಮುಖ್ಯ ಎಂದು ತೀರ್ಮಾನಿಸುವುದು ಮುಂದೆ ಬರುವವರ ಕೆಲಸ. ಇಟ್ಟುಕೊಳ್ಳುವವರು ಇಟ್ಟುಕೊಳ್ಳಬೇಕು, ಅಷ್ಟೇ.

ಆದರೆ ಈ ಚಿತ್ರಗಳ ವಿಷಯದಲ್ಲಿ ಒಂದು ಪ್ರಶ್ನೆ ಬೇರೆಲ್ಲಕ್ಕಿಂತ ಭಾರವಾದದ್ದು. ಇವುಗಳಲ್ಲಿ ನಟಿಸಿದವರು ಜೀವಂತ ಮನುಷ್ಯರು. ದಿನಗೂಲಿ ಪಡೆದು ಕೆಲಸ ಮಾಡಿ ಹೋದವರು, ಆಮೇಲಿನ ಮಾರಾಟದಲ್ಲಿ ಅವರಿಗೆ ಪಾಲಿರಲಿಲ್ಲ. ಥಿಯೇಟರಿನಲ್ಲಿ ಎರಡು ವಾರ ಓಡಿ ಮರೆಯಾಗುತ್ತದೆ ಅಂದುಕೊಂಡು ಒಪ್ಪಿದ್ದು, ಇಂಟರ್‌ನೆಟ್ಟಿನಲ್ಲಿ ಶಾಶ್ವತವಾಗಿ ನಿಲ್ಲುತ್ತದೆ ಎಂದು 1982ರಲ್ಲಿ ಯಾರಿಗೆ ಗೊತ್ತಿತ್ತು? ಈಗಂತೂ ಹಳೆಯ ಮುಖವನ್ನು ಎಐ ಬಳಸಿ ಹೊಸ ಮೈಗೆ ಅಂಟಿಸುವ ಕಾಲ. 70 ದಾಟಿದ ಹೆಂಗಸೊಬ್ಬಳು ತನ್ನ 25ರ ವಯಸ್ಸಿನ ಚಿತ್ರ ಮರೆಯಾಗಲಿ ಎಂದರೆ, ಇತಿಹಾಸದ ಹೆಸರಲ್ಲಿ ಅವಳ ಬಾಯಿ ಮುಚ್ಚಿಸುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ?

ಇದಕ್ಕೆ ನನ್ನ ಉತ್ತರ ಇಷ್ಟು. ಉಳಿಸುವುದು ಬೇರೆ, ಹಂಚುವುದು ಬೇರೆ. ಸಂಗ್ರಹಾಲಯದ ತಂಪು ಕೋಣೆಯಲ್ಲಿ ಒಂದು ಪ್ರತಿ ಇರಲಿ. ಓದುವವರು, ಸಂಶೋಧಿಸುವವರು ಅರ್ಜಿ ಕೊಟ್ಟು ಅಲ್ಲೇ ಕೂತು ನೋಡಲಿ. ನಟಿಸಿದವರು ಬೇಡ ಎಂದರೆ ಅವರಿರುವ ತನಕ ಬೀಗ ಹಾಕಿರಲಿ. ಯಾರಿಗಾದರೂ ಬಲವಂತ ಆಗಿತ್ತು ಎಂದು ಗೊತ್ತಾದರೆ ಅಲ್ಲಿ ಅವರ ಮಾತೇ ಕೊನೆ. 'ಕೆಫೆ ಫ್ಲೆಶ್' ಕೇಳಿದ ಪ್ರಶ್ನೆಯೂ ಇದೇ ಅಲ್ವಾ? ವೇದಿಕೆ ಹತ್ತಿದವರಿಗೆ ಇಳಿಯುವ ಹಕ್ಕಿದೆಯೇ? ಆ ಚಿತ್ರವನ್ನು ಕಾಪಾಡಲು ಹೊರಟವರು ಅದರ ಪ್ರಶ್ನೆಯನ್ನೇ ಮರೆತರೆ ಕಾಪಾಡಿದ್ದಕ್ಕೆ ಅರ್ಥ ಉಳಿಯುವುದಿಲ್ಲ.

ಚಿಕ್ಕಪ್ಪನ ಕ್ಯಾಸೆಟ್ಟನ್ನು ಬೆಂಗಳೂರಿನ ಒಂದು ಸಣ್ಣ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರಿಗೆ ಅರವತ್ತರ ಮೇಲೆ ವಯಸ್ಸು. ಹತ್ತಿಯ ಬದಲು ಮೆತ್ತನೆ ಚರ್ಮದ ತುಂಡಿನಿಂದ, ಸ್ಪಿರಿಟ್ ಹಚ್ಚಿ, ಹೆಡ್ ಒರೆಸಿದರು. ಟೇಪನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ಬೂಷ್ಟು ತೆಗೆದರು. ಎರಡು ಗಂಟೆ ಹಿಡಿಯಿತು. ಆಮೇಲೆ ಪ್ಲೇ ಒತ್ತಿದರು. ಗೆರೆಗಳ ನಡುವೆ ಧಾರೆ ಎರೆಯುವ ಕೈಗಳು ಕಂಡವು.

"ಇದೊಂದೇ ಸಲ ಸಾರ್," ಎಂದರು ಅವರು, ಪಕ್ಕದಲ್ಲಿದ್ದ ರೆಕಾರ್ಡರಿನ ಕೆಂಪು ಗುಂಡಿ ಒತ್ತುತ್ತಾ. "ಇನ್ನೊಂದ್ ಸಲ ಓಡಿಸಿದ್ರೆ ಪುಡಿ ಎಲ್ಲ ಉದುರಿ ಹೋಗತ್ತೆ. ಮಾತಾಡ್‌ಬೇಡಿ, ನೋಡ್ಕೊಳ್ಳಿ."